ಕುಣಿತದ ಸಿನಿಮಾಕ್ಕೆ ನಾಲ್ಕೂರಿನ ಅಭಿಪ್ರಾಯ

ನಮ್ಮ ಕಡೆಯ ಮಂದಿಗೆ ಸಿನಿಮಾ ಹೆಂಗಿತ್ತು ಅಂತ ಕೇಳಿದರೆ ಸಿನಿಮಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ. ಇದನ್ನು ನನಗೆ ಮೊದಲು ಹೇಳಿದವರು ಇಂಡಿಯಲ್ಲಿರುವ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಆಗ ನಾನು ನಂಬಿರಲಿಲ್ಲ. ನಾಲ್ಕೂರು ತಿರುಗಿ ಬಂದ ಮೇಲೆ ನಂಬಿದ್ದೇನೆ.

ಆದದ್ದಿಷ್ಟು. ನಾನು ಸಿಂದಗಿಯಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಕಲಿಸುತ್ತೇನೆ. ನಮ್ಮ ಸಂಸ್ಥೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರಲ್ಲಿ ಒಂದೊಂದು ಕಾಲೇಜಿದೆ. ವರ್ಷಕ್ಕೊಮ್ಮೆ ಎಲ್ಲ ಕೂಡಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಮಾಡುತ್ತೇವೆ. ಅದರಲ್ಲಿ ಹುಡುಗಿಯರು ಕುಣಿಯುವುದನ್ನು ಮಾತ್ರ ಸಂಸ್ಥೆಯ ಅಧ್ಯಕ್ಷರು ನಿಲ್ಲಿಸಿಬಿಟ್ಟಿದ್ದರು. ಈ ಸಲ ಕಡೇ ವರ್ಷದ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಮೇಡಂ, ಪರೀಕ್ಷಾ ಮುಗದಕೂಡ್ಲೆ ನನ್ನ ಮದವಿ ಐತ್ರಿ. ಒಮ್ಮೆರ ಸ್ಟೇಜ್ ಮ್ಯಾಲ ಕುಣೀಬೇಕಂತ ಭಾಳ ಆಸೆ ಐತ್ರಿ" ಅಂದಳು.

ಅಧ್ಯಕ್ಷರ ಹತ್ತಿರ ಹೋದೆ. "ನಂದೇನ ಇಲ್ರಿ ಮೇಡಂ, ಪಾಲಕರು ಒಪ್ಪಂಗಿಲ್ಲ. ನಾಲ್ಕೂ ಊರಿನವರು ಹೂಂ ಅಂದ್ರ ಕುಣಸ್ರಿ. ಒಂದ ಊರು ಒಲ್ಲೆ ಅಂದ್ರೂ ಮುಗೀತು" ಅಂದರು.

ಪಾಲಕರನ್ನು ಒಪ್ಪಿಸುವುದು ಹೇಗೆ? ನಾವೆಲ್ಲ ಪ್ರಾಯದಲ್ಲಿದ್ದಾಗ ಒಂದು ಹಿಂದಿ ಸಿನಿಮಾ ಬಂದಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ವಯಸ್ಸು ಗೊತ್ತಾಗುತ್ತದೆ. ಊರಲ್ಲಿ ಯಾರೂ ಕುಣಿಯಬಾರದು ಅಂತ ಅಪ್ಪ ಕಟ್ಟಪ್ಪಣೆ ಮಾಡುತ್ತಾನೆ. ಮಗ ಗೆಳೆಯ ಗೆಳತಿಯರನ್ನು ಕೂಡಿಸಿಕೊಂಡು ರೈಲ್ವೆ ಗೋದಾಮಿನಲ್ಲಿ ಕದ್ದು ಕುಣಿಯುತ್ತಾನೆ. ಈಗಿನ ಪಾಲಕರೆಲ್ಲ ಆಗ ಸೀಟಿ ಹೊಡೆದು ನೋಡಿದ ಸಿನಿಮಾ ಅದು. ಅದನ್ನೇ ಪಾಲಕರ ಸಭೆಯಲ್ಲಿ ತೋರಿಸಿ ಅಭಿಪ್ರಾಯ ಕೇಳೋಣ, ಹಳೆಯದು ನೆನಪಾದರೆ ಮನಸ್ಸು ಕರಗೀತು ಅಂತ ಲೆಕ್ಕ ಹಾಕಿದೆ.

ಇಂಡಿ: ಚೀಲ ಯಾರವು?

ಇಂಡಿಯ ಕಾಲೇಜಿನಲ್ಲಿ ವೈನಿಯೇ ಉಪನ್ಯಾಸಕಿ. ಅಲ್ಲಿಯ ಸಭೆ ಅವರೇ ನಡೆಸಿದರು. ಸಿನಿಮಾ ಮುಗಿಯಿತು. "ಏನನಸ್ತರಿ?" ಅಂತ ಕೇಳಿದರು.

ತಾಂಬಾ ಹಳ್ಳಿಯ ಕಡೆಯ ರೈತರೊಬ್ಬರು ಎದ್ದು ನಿಂತು ಟವೆಲ್ ಹೆಗಲಿಗೆ ಹಾಕಿಕೊಂಡರು. "ಆ ಗೋದಾಮಿನ್ಯಾಗ ಚೀಲ ಇದ್ದುವಲ್ರಿ, ಅವು ಯಾರವು?"

"ಚೀಲ?"

"ಹುಡುಗ್ರು ಬೂಟಗಾಲೀಲೆ ಹತ್ತಿ ಕುಣದ್ರಲ್ರಿ, ಆ ಚೀಲ. ಒಳಗ ತೊಗರಿ ಇದ್ರ ಇಷ್ಟೊತ್ತಿಗೆ ಬ್ಯಾಳಿ ಆಗಿರ್ತೈತಿ."

ಹಿಂದೆ ಕೂತಿದ್ದ ಕಾಳಿನ ಅಡತಿ ವ್ಯಾಪಾರಿ, "ತೊಗರಿ ಅಲ್ರಿ, ಚೀಲ ಕೂತ ರೀತಿ ನೋಡಿದ್ರ ಕಡ್ಲಿ" ಅಂದರು. ಅಲ್ಲಿಗೆ ಸಭೆ ಎರಡು ಪಕ್ಷವಾಯಿತು. ತೊಗರಿಯೋ ಕಡಲೆಯೋ ಅಂತ ಬಹಳ ಹೊತ್ತು ವಾದ ನಡೆಯಿತು. ಮಾಲು ಬಿಟ್ಟು ಮಾಲಕ ಎಲ್ಲಿ ಹೋಗಿದ್ದ ಅನ್ನುವುದೂ ಬಂತು. ನಾಯಕ ಅಪ್ಪನ ಮಾತು ಮೀರಿದ್ದು ಯಾರಿಗೂ ತಪ್ಪಾಗಿ ಕಂಡಿರಲಿಲ್ಲ. ಮಾಲಿನ ಮೇಲೆ ಕಾಲಿಟ್ಟದ್ದು ತಪ್ಪಾಗಿತ್ತು.

ವೈನಿ ಸಾಕಾಗಿ, "ಅದಿರ್ಲಿ ಕಾಕಾ, ನಮ್ಮ ಹುಡುಗ್ಯಾರು ಕುಣೀಬಹುದೋ ಬ್ಯಾಡೋ?" ಅಂದರು.

ಆ ರೈತರು ಅಕ್ಕಪಕ್ಕದವರ ಮುಖ ನೋಡಿ ಹೇಳಿದರು: "ಕುಣೀಲಿ ತಾಯಿ, ಯಾರ ಬ್ಯಾಡಂದ್ರು? ನೆಲದ ಮ್ಯಾಲ ಕುಣೀಲಿ."

ಸಿಂದಗಿ: ಯಾರ ಕೂಡ?

ನಮ್ಮೂರಿನ ಸಭೆಗೆ ಹೈಸ್ಕೂಲ್ ಹೆಡ್‌ಮಾಸ್ತರರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಸಿನಿಮಾ ನಡೆದಾಗ ಅವರು ಎರಡೂ ಕೈ ಕಟ್ಟಿಕೊಂಡು ಪರೀಕ್ಷೆಯ ಕೋಣೆಯಲ್ಲಿ ಕೂತಂತೆ ಕೂತಿದ್ದರು. ಇವರು ಒಲ್ಲೆ ಅನ್ನುವವರೇ ಅಂತ ನನಗೆ ಖಾತ್ರಿಯಾಯಿತು.

ಅಭಿಪ್ರಾಯ ಕೇಳಿದಾಗ ಮೊದಲು ಎದ್ದದ್ದು ಹೆಂಡತಿ. "ಚಲೋ ಐತ್ರಿ. ಮದವಿಕಿಂತ ಮೊದಲ ನೋಡಿದ್ದೆ. ಈಗೂ ಅಷ್ಟ ಚಲೋ ಅನಸ್ತು."

ಮಾಸ್ತರರು ಕಟ್ಟಿದ ಕೈ ಬಿಟ್ಟರು. "ಮದವಿಕಿಂತ ಮೊದಲ? ಯಾರ ಕೂಡ?"

"ನಿಮ್ಮ ತಂಗಿ ಕೂಡರಿ. ಒಂದ ಕ್ಲಾಸಿನ್ಯಾಗ ಇದ್ದಿವಲ್ಲ."

"ನಮ್ಮ ತಂಗಿ ಸಿನಿಮಾಕ್ಕ ಹೋಗಾಕಿ ಅಲ್ಲ."

ಆಕೆ ವಾದಕ್ಕೆ ನಿಲ್ಲಲಿಲ್ಲ. ಅಲ್ಲೇ ನಾದಿನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಗಂಡನ ಮುಂದೆ ಹಿಡಿದಳು. ಮಾಸ್ತರರು ಕ್ಲಾಸಿನ ದನಿಯಲ್ಲೇ ಕೇಳಿದರು: "ಏನವಾ, ನೀ ಆ ಸಿನಿಮಾಕ್ಕ ಹೋಗಿದ್ದೇನ?"

ಆ ಕಡೆಯಿಂದ ಶಾಂತವಾಗಿ ಉತ್ತರ ಬಂತು: "ಹೂಂ ಅಣ್ಣಾ, ಹೋಗಿದ್ವಿ. ನೀ ಮುಂದ ಕುಂತ ಸೀಟಿ ಹೊಡ್ಯಾಕತ್ತಿದ್ದಿ, ಅದಕ್ಕ ನಾವು ಇಂಟರ್‌ವಲ್ಲಿಗೆ ಹೊರಗ ಬರಲಿಲ್ಲ."

ಮಾಸ್ತರರು ಫೋನ್ ಆರಿಸಿ ನನ್ನ ಕಡೆ ತಿರುಗಿದರು. "ಮೇಡಂ, ಸಿಂದಗಿಯವರದು ಒಪ್ಪಿಗಿ ಐತಿ ಅಂತ ಹೇಳಿಬಿಡ್ರಿ. ಚರ್ಚಾ ಬ್ಯಾಡ."

ಮುದ್ದೇಬಿಹಾಳ: ಉಂಡವರಿಲ್ಲ

ಇಲ್ಲಿ ಮಾತಾಡಿದ್ದು ವಿದ್ಯಾರ್ಥಿನಿಯೊಬ್ಬಳ ಅಜ್ಜಿ. ಸಿನಿಮಾದಲ್ಲಿ ಮಗ ಸಿಟ್ಟಿನಿಂದ ಬಾಗಿಲು ಬಡಿದು ಮನೆ ಬಿಟ್ಟು ಹೋದಾಗಲೇ ಅಜ್ಜಿ ಪರದೆಗೆ, "ಉಂಡರ ಹೋಗೋ" ಅಂದಿದ್ದರು. ಮುಗಿದ ಮೇಲೆ ಕೇಳಿದರು:

"ಹುಡುಗ್ರು ಅಷ್ಟ ಕುಣದ್ವು. ಒಬ್ಬರರ ಅವಕ್ಕೊಂದ ರೊಟ್ಟಿ ಕೊಟ್ರೇನ? ಅವರವ್ವ ಬರೇ ಅಳಾಕತ್ತಿದ್ಳು. ಅಡಗಿ ಮಾಡಬಾರದಾ?"

ನೆನೆಸಿಕೊಂಡು ನೋಡಿದೆ. ಹೌದು, ಮೂರು ತಾಸಿನ ಸಿನಿಮಾದಲ್ಲಿ ಯಾರೂ ಉಂಡಿರಲಿಲ್ಲ. ಇಷ್ಟು ವರ್ಷ ನನಗದು ಹೊಳೆದಿರಲಿಲ್ಲ.

"ನಮ್ಮ ಹುಡುಗ್ಯಾರು ಕುಣದ್ರ ಊಟದ್ದು ಹೆಂಗ?" ಅಂತ ಅಜ್ಜಿ ಮುಂದುವರಿಸಿದರು. ಗೋಧಿ ಹುಗ್ಗಿ ಮಾಡಿಸೋಣ ಅಂತ ಒಬ್ಬರು ಅಂದರು. ಹುಗ್ಗಿ ಉಂಡು ಕುಣಿದರೆ ಹೊಟ್ಟೆ ಹಿಡಿಯುತ್ತದೆ, ರವೆಯ ಸಜ್ಜಕ ಇರಲಿ ಅಂತ ಇನ್ನೊಬ್ಬರು. ಪ್ರಿನ್ಸಿಪಾಲರು ನಡುವೆ ಎದ್ದು, "ಮೊದಲ ಡಾನ್ಸ್ ಇರಬೇಕೋ ಬ್ಯಾಡೋ, ಅದರ ಹೇಳ್ರಿ" ಅಂದರು.

ಅಜ್ಜಿ ಅವರನ್ನು ಕೈಸನ್ನೆಯಿಂದ ಕೂಡಿಸಿದರು. "ಡಾನ್ಸ್ ಇಲ್ಲಂದ್ರ ಹುಗ್ಗಿ ಯಾಕ ಮಾಡ್ತಾರೋ ತಮ್ಮಾ? ಸುಮ್ನ ಕೂಡು."

ಬಸವನ ಬಾಗೇವಾಡಿ: ಎಡಗಾಲು

ಉಳಿದದ್ದು ಅಧ್ಯಕ್ಷರ ಊರು. ಅವರೇ ಮುಂದಿನ ಕುರ್ಚಿಯಲ್ಲಿ ಕೂತರು. ಮೊದಲೇ ಹೇಳಿಬಿಟ್ಟರು: "ಇಂಥಾ ಸಿನಿಮಾ ನಾವು ನೋಡಿದವರಲ್ಲ." ಕುಣಿಯುವ ಆಸೆ ಹೇಳಿಕೊಂಡಿದ್ದ ಆ ಹುಡುಗಿಯೂ ನನ್ನ ಜೊತೆ ಬಂದಿದ್ದಳು. ಹಿಂದಿನ ಗೋಡೆಗೆ ಆತು ನಿಂತು ಓಡಣಿಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಸಿನಿಮಾ ಕೊನೆಗೆ ಬಂತು. ಮಗ ಕುಣಿಯುತ್ತಿದ್ದಾನೆ, ಅಪ್ಪ ಗೋದಾಮಿನ ಬಾಗಿಲಲ್ಲಿ ಬಂದು ನಿಂತಿದ್ದಾನೆ. ಆಗ ಕರೆಂಟ್ ಹೋಯಿತು. ಕಿಟಕಿ ತೆಗೆದು ಕಾದೆವು, ಬರಲಿಲ್ಲ.

ನಮ್ಮ ಕಡೆ ಏನೇ ಸಭೆಯಾದರೂ ದೊಡ್ಡವರಿಗೆ ಶಾಲು ಹೊದಿಸದೆ ಮಾತಾಡಿಸುವಂತಿಲ್ಲ. ಹೊದಿಸಿದೆವು. ಅಧ್ಯಕ್ಷರು ಶಾಲು ಸರಿಮಾಡಿಕೊಂಡು ಹೇಳಿದರು: "ನನಗ ಆ ಅಪ್ಪ ಭಾಳ ಸೇರಿದ. ಕೊನೀತನಕ ಬಗ್ಗಲಿಲ್ಲ. ಹಿರೇರು ಅಂದ್ರ ಹಂಗಿರಬೇಕು. ನಾನೂ ಬಗ್ಗಂಗಿಲ್ಲ."

ಹುಡುಗಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಪಾಲಕರೊಬ್ಬರು, "ಸರ್, ಮುಂದ ಐತ್ರಿ. ಅಪ್ಪನೂ ಕುಣೀತಾನ್ರಿ" ಅಂದರು.

"ಸುಳ್ಳ."

"ಖರೇನ್ರಿ. ಕೋಟು ಬಿಚ್ಚಿ ಒಗದು, ಬಲಗೈ ಎತ್ತಿ ಒಂದ ಸುತ್ತ ಹೊಡೀತಾನ್ರಿ."

"ಸುತ್ತಲ್ಲೋ, ಮೊದಲ ಚಪ್ಪಾಳಿ" ಅಂತ ಇನ್ನೊಬ್ಬರು ಎದ್ದರು. ಬಾಯಲ್ಲಿ ಹೇಳಿದರೆ ಬಗೆಹರಿಯಲಿಲ್ಲ. ಇಬ್ಬರೂ ಸ್ಟೇಜ್ ಹತ್ತಿದರು. ಮೂರನೆಯವರು ಪಂಚೆ ಎತ್ತಿ ಕಟ್ಟಿ ಹತ್ತಿದರು. ಸೊಸೈಟಿಯ ಸೆಕ್ರೆಟರಿ ಹತ್ತಿದರು. ಹಾಡಿಲ್ಲ, ಕರೆಂಟಿಲ್ಲ, ಕಿಟಕಿಯ ಬಿಸಿಲಲ್ಲಿ ನಡುವಯಸ್ಸಿನ ಗಂಡಸರು ಸುತ್ತು ಹೊಡೆದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಒಬ್ಬರ ಹೆಜ್ಜೆಯೂ ಇನ್ನೊಬ್ಬರಿಗೆ ಹೊಂದಲಿಲ್ಲ.

ಅಧ್ಯಕ್ಷರು ನೋಡಿದರು. ಇನ್ನಷ್ಟು ಹೊತ್ತು ನೋಡಿದರು. ಕಡೆಗೆ ತಡೆಯಲಾಗದೆ ಶಾಲು ಕುರ್ಚಿಯ ಮೇಲಿಟ್ಟು ಸ್ಟೇಜ್ ಹತ್ತಿದರು.

"ಹಂಗಲ್ರೋ. ಮೊದಲ ಎಡಗಾಲು ಹಿಂದ. ಆಮ್ಯಾಲ ಚಪ್ಪಾಳಿ. ಆಮ್ಯಾಲ ಸುತ್ತ. ಹಿಂಗ."

ಸುತ್ತು ಹೊಡೆದು ತೋರಿಸಿದರು. ಸಿನಿಮಾದಲ್ಲಿದ್ದದ್ದು ಅದೇ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಸುತ್ತು ಮುಗಿದು ಮುಂದೆ ತಿರುಗಿದಾಗ ಸಭೆ ತಮ್ಮನ್ನೇ ನೋಡುತ್ತಿರುವುದು ಅವರಿಗೆ ಕಂಡಿತು.

ಹಿಂದಿನ ಗೋಡೆಯಿಂದ ಆ ಹುಡುಗಿ ಬಹಳ ವಿನಯದಿಂದ ಕೇಳಿದಳು: "ಸರ್, ನೀವ ಕಲಿಸ್ತೀರೇನ್ರಿ?"

ಅಧ್ಯಕ್ಷರು ಕೆಳಗಿಳಿದು ಶಾಲು ತೆಗೆದುಕೊಂಡರು. ಹೋಗುವಾಗ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಕುಣಸ್ರಿ ಮೇಡಂ. ಆದ್ರ ಇವತ್ತಿಂದು ಈ ಹಾಲ್ ಬಿಟ್ಟು ಹೊರಗ ಹೋಗಬಾರದು" ಅಂದರು.

ನಾನು ಹೂಂ ಅಂದಿದ್ದೇನೆ, ಆದ್ದರಿಂದ ನಾನು ಊರಲ್ಲಿ ಹೇಳಿಕೊಂಡು ತಿರುಗುವಂತಿಲ್ಲ. ನೀವು ಹೂಂ ಅಂದಿಲ್ಲವಲ್ಲ. ಹೇಳ್ರಿ ನಾಲ್ಕು ಮಂದಿಗೆ. ಎಡಗಾಲು ಹಿಂದ ಅನ್ನೋದು ಮಾತ್ರ ಮರೀಬ್ಯಾಡ್ರಿ.