ಹಡಗಿನ ಮ್ಯೂಸಿಯಮ್ಮಿಗೆ ಬೊಂಬೆ ಬಂದಾಗ

ಎಲ್ಲಾದರೂ ಎಡವಟ್ಟಾಗಬೇಕಿದ್ದರೆ, ಅದು ನಾನು ಬರೋವರೆಗೂ ಕಾಯುತ್ತೆ. ಅರವತ್ತರ ದಶಕದಲ್ಲಿ ಯಡಿಯೂರಿನ ಸ್ಕೂಲಲ್ಲಿ ಮೇಷ್ಟ್ರಾಗಿದ್ದಾಗ ನನ್ನ ಪಾಲಿಗೆ ಬಂದ ಎಡವಟ್ಟುಗಳು ಇವು.

೧. ಸಮುದ್ರವಿಲ್ಲದ ಮ್ಯೂಸಿಯಂ

ಜಯನಗರದಲ್ಲಿ ನಮ್ಮ ಎದುರುಮನೆ ರಾಯರು ಇಪ್ಪತ್ತೈದು ವರ್ಷ ಹಡಗಲ್ಲಿ ದುಡಿದು ರಿಟೈರಾದವರು. ಲಂಗರು, ದಿಕ್ಸೂಚಿ, ದುರ್ಬೀನು, ಮರದಲ್ಲಿ ಮಾಡಿದ ಪುಟ್ಟ ಹಡಗು ಎಲ್ಲಾ ಹೊತ್ತು ತಂದು ಹಾಲ್‌ನಲ್ಲಿ ಜೋಡಿಸಿ, ಬಾಗಿಲಿಗೆ ‘ಹಡಗಿನ ಮ್ಯೂಸಿಯಂ’ ಅಂತ ಬೋರ್ಡು ಹಾಕಿದರು. ಒಂದು ನರಪಿಳ್ಳೆಯೂ ಬರಲಿಲ್ಲ. ಮನೆ ಮುಂದೆ ಹಾಲು ಕರೆದುಕೊಡೋ ಸುದ್ದಗುಂಟೆಪಾಳ್ಯದವನೊಬ್ಬ ಮಾತ್ರ ಬಂದು ಲಂಗರನ್ನ ಸುತ್ತಿ ಸುತ್ತಿ ನೋಡಿದ. ರಾಯರಿಗೆ ಆನಂದವೋ ಆನಂದ.

"ಏನಪ್ಪಾ, ಏನಾದ್ರೂ ಕೇಳ್ಬೇಕಾ?"

"ಇದನ್ನ ಹೊರಗಿಡಿ ಸ್ವಾಮಿ. ಎಮ್ಮೆ ಕಟ್ಟಾಕೋಕೆ ಒಳ್ಳೇದಾಯ್ತದೆ."

೨. ರಾಜ ಹಡಗು ಹತ್ತಿದ್ದು

ಹಾಲ್ ಖಾಲಿ ಮಾಡಿ ಅಂತ ರಾಯರ ಹೆಂಡತಿ ದಿನಾ ಜಗಳ. ಕೊನೆಗೊಂದು ರಾಜಿಯಾಯ್ತು. ಸ್ಕೂಲ್ ಇನ್‌ಸ್ಪೆಕ್ಟರು ಬಂದು ‘ಮಕ್ಕಳು ನೋಡಬೇಕಾದದ್ದು’ ಅಂತ ಬರೆದುಕೊಟ್ಟರೆ ಮ್ಯೂಸಿಯಂ ಉಳಿಯುತ್ತೆ, ಇಲ್ಲದಿದ್ದರೆ ಎಲ್ಲಾ ಗುಜರಿಗೆ. ಅವರನ್ನ ಕರೆತರೋ ಹೊಣೆ ನನ್ನದು. ಅವರಿಗೆ ಬಿಡುವು ಸಿಕ್ಕಿದ್ದೋ, ದಸರೆಯಲ್ಲೇ!

ದಸರೆ ಅಂದಮೇಲೆ ಬೊಂಬೆ ಕೂರಿಸಲೇಬೇಕಲ್ಲ. ಆಯಮ್ಮ ಲಂಗರಿಗೆ ಕುಂಕುಮ ಹಚ್ಚಿ, ದಿಕ್ಸೂಚಿ ಮೇಲೆ ಅಂಗಡಿ ಶೆಟ್ಟರನ್ನ ಕೂರಿಸಿ, ಪಟ್ಟದ ರಾಜ ರಾಣಿಯನ್ನ ಮರದ ಹಡಗಿನ ಮೇಲೆ ನಿಲ್ಲಿಸಿಬಿಟ್ಟರು. ರಾಯರು ಕೂಗಿಕೊಂಡರು.

"ಲೇ, ಹಡಗು ಆ ಕಡೆ ಹೋಗುತ್ತೆ, ನಿನ್ನ ರಾಜ ಈ ಕಡೆ ನೋಡ್ತಿದಾನೆ ಕಣೇ!"

"ಪಟ್ಟದ ಬೊಂಬೆ ಪೂರ್ವಕ್ಕೇ ನೋಡ್ಬೇಕು. ಬೇಕಾದ್ರೆ ಹಡಗು ತಿರುಗಿಸ್ಕೊಳ್ಳಿ."

ಪಾಪ, ತಿರುಗಿಸಿಕೊಂಡರು.

೩. ತಪಾಸಣೆ

ಇನ್‌ಸ್ಪೆಕ್ಟರು ಮಹಾ ಗಂಟುಮುಖದವರು. ಒಳಗೆ ಕಾಲಿಟ್ಟರೆ ಹಾಲ್ ತುಂಬ ಹೆಂಗಸರು. ಬೊಂಬೆ ಮನೆಗೆ ಬಂದವರು ಹಾಡದೆ ಹೋಗೋ ಹಾಗಿಲ್ಲ ಅಂತ ಅವರನ್ನೂ ಹಿಡಿದು ಚಾಪೆ ಮೇಲೆ ಕೂರಿಸಿದರು.

"ನಾನು ತಪಾಸಣೆಗೆ ಬಂದವನಮ್ಮಾ..."

"ಆಮೇಲೆ ಮಾಡೀರಂತೆ. ಮೊದಲು ಒಂದು ದೇವರನಾಮ ಹೇಳಿ."

ಹೇಳಿದರು. ಒಂದಲ್ಲ, ಐದು! ಕಣ್ಣು ಮುಚ್ಚಿಕೊಂಡು ಹೊಡೆದರು ನೋಡಿ, ರಾಯರು ದುರ್ಬೀನು ಹಿಡಿದು ಪಕ್ಕದಲ್ಲಿ ನಿಂತಿದ್ದು ಅವರಿಗೆ ಕಾಣಲೇ ಇಲ್ಲ. ಮುಗಿದಾಗ ಅವರ ಕಣ್ಣಲ್ಲಿ ನೀರು. "ಹಾಡಿ ಅಂತ ಯಾರೂ ನನ್ನ ಕೇಳಿರ್ಲಿಲ್ಲಮ್ಮ" ಅಂದವರೇ ಉಸಲಿ ತಿಂದು, ಎರಡು ಚಕ್ಕುಲಿ ಜೇಬಿಗಿಳಿಸಿ, ರಾಯರಿಟ್ಟಿದ್ದ ಅಭಿಪ್ರಾಯದ ಪುಸ್ತಕದಲ್ಲಿ ಏನೋ ಗೀಚಿ ಹೊರಟೇಹೋದರು.

ರಾಯರು ಪುಸ್ತಕವನ್ನ ನನ್ನ ಕಡೆ ತಳ್ಳಿದರು. ನಾನೇ ಓದಿದೆ: ‘ಬೊಂಬೆಗಳು ಬಹಳ ಸೊಗಸಾಗಿವೆ. ಮಕ್ಕಳು ನೋಡಲೇಬೇಕು. ನಡುವೆ ಅಡ್ಡವಾಗಿರುವ ಹಳೇ ಕಬ್ಬಿಣವನ್ನು ತೆಗೆಸುವುದು.’

ರಾಯರು ದುರ್ಬೀನು ಮಡಿಚಿ ಪೆಟ್ಟಿಗೆಗೆ ಹಾಕಹೊರಟರು. ಅವರ ಹೆಂಡತಿ ಪುಸ್ತಕ ಕಿತ್ತುಕೊಂಡು ಓದಿದರು, ಮುಖ ಕೆಂಪಾಯ್ತು.

"ನನ್ನ ಗಂಡನ ಸಾಮಾನಿಗೆ ಹಳೇ ಕಬ್ಬಿಣ ಅಂತ ನಾನು ಅನ್ಬಹುದು, ಅವನ್ಯಾರು ಅನ್ನೋಕೆ? ಈ ಹಾಲಿಂದ ಒಂದು ಮೊಳೆ ಕದಲಕೂಡದು! ಓಡಿ ಮೇಷ್ಟ್ರೇ, ಆ ಮನುಷ್ಯ ಬಸ್ ಹತ್ತೋದ್ರೊಳಗೆ ನನ್ನ ಚಕ್ಕುಲಿ ವಾಪಸ್ ಇಸ್ಕೊಂಡು ಬನ್ನಿ!"

ಓಡಿದೆ. ಒಂದೇ ಸಿಕ್ಕಿತು.