ಮನೆಯಿಂದಲೇ ಬಸ್ ಓಡಿಸಿದ್ದು

ಎರಡು ಸಾವಿರದ ಇಪ್ಪತ್ತೊಂದನೇ ಇಸವಿಯ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಲ್ವೇ ಊರಾಚೆಯ ಒಂದು ಲಸಿಕಾ ಕೇಂದ್ರಕ್ಕೂ ಅದರ ಕಾರ್‌ಪಾರ್ಕಿಗೂ ನಡುವಿನ ಒಂದು ಕಿಲೋಮೀಟರ್ ಹಾದಿಯಲ್ಲಿ ನಾನು ಶಟಲ್ ಬಸ್ ಚಾಲಕನಾಗಿ ಸೇವೆ ಸಲ್ಲಿಸಿದೆ. ಈ ಅವಧಿಯ ಬಹುಭಾಗದಲ್ಲಿ ನಾನು ಓಡಿಸಿದ್ದು ಬಸ್ಸನ್ನಲ್ಲ, ನನ್ನ ಮನೆಯನ್ನು. ಇದರಲ್ಲಿ ನಿಯಮಬಾಹಿರವಾದದ್ದು ಏನೂ ನಡೆದಿಲ್ಲ ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ.

ನನ್ನ ಹೆಸರು ಹೇಮಚಂದ್ರ, ಮೈಸೂರಿನವನು. ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೇನೆ. ಅಂದರೆ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡಿದ್ದೇನೆ. ಕೋವಿಡ್ ಬಂದ ಮೇಲೆ ಕಂಪನಿಯವರು ನನ್ನಲ್ಲೇ ಒಂದು ತಪ್ಪು ಹುಡುಕಿದರು. ನಾನು ಹೆಚ್ಚುವರಿಯಾಗಿದ್ದೆ. ಹೆಂಡತಿ ನೀರಜಾ ಗಾಲ್ವೇಯ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಅನ್ನ, ವೀಸಾ, ಮರ್ಯಾದೆ ಮೂರೂ ಅವಳ ನೈಟ್ ಡ್ಯೂಟಿಯ ಮೇಲೆ ನಿಂತಿದ್ದವು. ಅಷ್ಟರಲ್ಲಿ ಬಾಡಿಗೆ ಮನೆಯ ಮಾಲೀಕ ಮನೆ ಮಾರಿದ. ಗಾಲ್ವೇಯಲ್ಲಿ ಒಂದು ಬೆಡ್‌ರೂಮಿನ ಮನೆ ಖಾಲಿಯಿದೆ ಅಂದರೆ ನೋಡಲು ಅರವತ್ತು ಜನ ಸಾಲು ನಿಲ್ಲುತ್ತಾರೆ. ಎರಡು ಮೀಟರ್ ಅಂತರ ಬೇರೆ ಬಿಡಬೇಕಾದ್ದರಿಂದ ನನ್ನ ಸರದಿ ಯಾವಾಗಲೂ ಪಕ್ಕದ ಬಡಾವಣೆಯಲ್ಲಿ ಇರುತ್ತಿತ್ತು. ಕೊನೆಗೆ ಯಾರ ಸಲಹೆಯನ್ನೂ ಕೇಳದೆ, ಇಪ್ಪತ್ತೆರಡು ವರ್ಷ ಹಳೆಯ ಒಂದು ಕ್ಯಾಂಪರ್‌ವ್ಯಾನ್ ಕೊಂಡೆ. ಒಂದು ಹಾಸಿಗೆ, ಒಂದು ಒಲೆ, ಮಡಚುವ ಮೇಜು, ಸ್ಟೀರಿಂಗು.

"ಇದ್ರಲ್ಲಿ ಎಷ್ಟು ದಿನ ಇರ್ಬೇಕು ರೀ?" ಎಂದಳು ನೀರಜಾ.

"ಟೆಂಪರರಿ" ಎಂದೆ. ಎಷ್ಟು ದಿನ ಎಂದು ಗೊತ್ತಿಲ್ಲದಾಗ ಎಂಜಿನಿಯರುಗಳು ಬಳಸುವ ಶಬ್ದ ಅದು.

ವ್ಯಾನು ಬಂದ ದಿನ ಮೈಸೂರಿನಿಂದ ನಮ್ಮ ಅತ್ತೆ ಸಾವಿತ್ರಮ್ಮ ವಿಡಿಯೋ ಕಾಲ್‌ನಲ್ಲಿ ಒಂದು ಮೂಲಭೂತ ಪ್ರಶ್ನೆ ಎತ್ತಿದರು. "ಅಳಿಯಂದ್ರೇ, ಇದು ಮನೆಯೋ ಗಾಡಿಯೋ? ಮನೆ ಆದ್ರೆ ಹಾಲುಕ್ಕಿಸ್ಬೇಕು. ಗಾಡಿ ಆದ್ರೆ ಚಕ್ರಕ್ಕೆ ನಿಂಬೆಹಣ್ಣು ಇಡ್ಬೇಕು. ಯಾವ್ದು ಅಂತ ಸರಿಯಾಗಿ ಹೇಳಿ, ಆಮೇಲೆ ದೋಷ ಬರಬಾರ್ದು."

ನಾನು ಟೆಸ್ಟರ್. ಎರಡು ಸಾಧ್ಯತೆ ಇದ್ದರೆ ಎರಡನ್ನೂ ಪರೀಕ್ಷಿಸುವವನು. ಒಳಗೆ ಹಾಲುಕ್ಕಿಸಿ ಗೃಹಪ್ರವೇಶ ಮಾಡಿದೆ, ಹೊರಗೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ವಾಹನಪೂಜೆ ಮಾಡಿದೆ. ನಿಂಬೆಹಣ್ಣಿನ ಮೇಲೆ ಹತ್ತಿಸುವಾಗ ವ್ಯಾನು ಕುಲುಕಿ, ಉಕ್ಕಿದ ಹಾಲೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು. ಬಹಳ ಶುಭ ಎಂದರು ಅತ್ತೆ. ನೀರಜಾ ಎರಡು ಕಡೆಯ ಫೋಟೋವನ್ನೂ ತೆಗೆದಳು.

ಆ ವಾರವೇ ಗ್ರೇ ಗಲ್ ಸೀಸನಲ್ ಶಟಲ್ಸ್ ಎಂಬ ಸಂಸ್ಥೆಯ ಜಾಹೀರಾತು ಕಂಡಿತು. ಲಸಿಕೆಯ ಸೀಸನ್ನಿಗೆ ಮಿನಿಬಸ್ ಚಾಲಕರು ಬೇಕಾಗಿದ್ದಾರೆ. ಸ್ವಂತ ಕ್ಯಾಂಪರ್‌ವ್ಯಾನಿನಲ್ಲಿ ವಾಸವಿರುವವರಿಗೆ ಆದ್ಯತೆ, ಏಕೆಂದರೆ ಊರಲ್ಲಿ ಬೇರೆಲ್ಲೂ ಯಾರಿಗೂ ಇರಲು ಜಾಗವಿಲ್ಲ. ಕೆಲಸ ಇರುವವರೆಗೆ ಕಾರ್‌ಪಾರ್ಕಿನ ಅಂಚಿನಲ್ಲಿ ಕರೆಂಟು, ನೀರು ಇರುವ ಒಂದು ಪಿಚ್ ಉಚಿತ. ಪಿಚ್ ಅಂದರೆ ವ್ಯಾನು ನಿಲ್ಲಿಸುವ ಗುರುತು ಹಾಕಿದ ಜಾಗ. ಅಲ್ಲಿಂದ ಆಸ್ಪತ್ರೆಗೆ ಹತ್ತು ನಿಮಿಷದ ನಡಿಗೆ. ರಾತ್ರಿಯೆಲ್ಲ ದುಡಿದು ಬರುವ ಹೆಂಡತಿ ಹಗಲು ಮಲಗಲು ಯಾರೂ ಎಬ್ಬಿಸದ ಒಂದು ಜಾಗ. ನನಗೆ ಬೇಕಾಗಿದ್ದದ್ದು ಅಷ್ಟೇ. ಮಿನಿಬಸ್ ಲೈಸೆನ್ಸ್ ನನ್ನಲ್ಲಿ ಮೊದಲೇ ಇತ್ತು. ಕನ್ನಡ ಸಂಘದ ಪಿಕ್ನಿಕ್‌ಗೆ ಬಸ್ಸು ಓಡಿಸಿ ಎಲ್ಲರಿಂದ ಭೇಷ್ ಅನ್ನಿಸಿಕೊಳ್ಳುವ ಆಸೆಯಿಂದ ಮಾಡಿಸಿದ್ದೆ. ಪಿಕ್ನಿಕ್ ಆಗಲಿಲ್ಲ.

ಸಂಸ್ಥೆಯ ಮ್ಯಾನೇಜರ್ ಶಫೀ ಹುಬ್ಬಳ್ಳಿಯವರು. ವಿಳಾಸದ ಪುರಾವೆ ಕೊಡಿ ಎಂದರು. ನಮಗೆ ವಿಳಾಸವೇ ಇರಲಿಲ್ಲ. ಹಾಲುಕ್ಕಿದ ಫೋಟೋ ಕೊಟ್ಟೆ. ವಾಹನದ ವಿವರ ಎಂಬ ಕಡೆ ನಿಂಬೆಹಣ್ಣಿನ ಫೋಟೋ ಲಗತ್ತಿಸಿದೆ. ಅವೆರಡೂ ನಿಯಮಪಾಲನಾ ಅಧಿಕಾರಿಣಿ ಮಿಸ್ ಫಿಯೋನಾ ಅವರ ಮುಂದೆ ಹೋದವು. ಆಕೆ ಒಂದು ದಿನ ಅಧ್ಯಯನ ಮಾಡಿ ಷರಾ ಬರೆದರು: "ವಸತಿ: ಧಾರ್ಮಿಕ ವಿಧಿಯಿಂದ ದೃಢಪಟ್ಟಿದೆ. ವಾಹನ: ಸದರಿ ವಸತಿಯೇ."

ಮೊದಲ ಎರಡು ವಾರ ಜೀವನ ಸುಖವಾಗಿತ್ತು. ನಾನು ಹದಿನಾರು ಸೀಟಿನ ಬಸ್ಸಿನಲ್ಲಿ, ನಿಯಮದಂತೆ ಕಾಲು ಭಾಗ ಅಂದರೆ ನಾಲ್ಕೇ ಜನರನ್ನು ಕೂರಿಸಿಕೊಂಡು ಹೋಗಿ ಬರುತ್ತಿದ್ದೆ. ನೀರಜಾ ಪಿಚ್‌ನಲ್ಲಿ ಪರದೆ ಎಳೆದುಕೊಂಡು ಸಂಜೆ ನಾಲ್ಕರವರೆಗೆ ಮಲಗುತ್ತಿದ್ದಳು. ಅವಳ ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ಇಳಿಯಿತು. ಇದೆಲ್ಲ ನನ್ನ ಜಾಣತನದ ಫಲ ಎಂದು ನಾನು ಊರಿಗೆ ಫೋನ್ ಮಾಡಿ ಹೇಳಿಕೊಂಡೆ.

ಆಗ ಸುತ್ತೋಲೆ ಸಂಖ್ಯೆ ಹದಿನಾಲ್ಕು ಬಂತು.

"ಮನೆಯಿಂದ ಕೆಲಸ ಮಾಡಲು ಸಾಧ್ಯವಿರುವ ಪ್ರತಿಯೊಬ್ಬ ನೌಕರರೂ ಮನೆಯಿಂದಲೇ ಕೆಲಸ ಮಾಡತಕ್ಕದ್ದು. ತಮ್ಮ ಕೆಲಸಕ್ಕೆ ಅಗತ್ಯವಾದ ಸಲಕರಣೆಗಳು ಮನೆಯಲ್ಲಿ ಇವೆಯೇ ಎಂಬುದನ್ನು ಲಗತ್ತಿಸಿದ ನಮೂನೆಯಲ್ಲಿ ತಿಳಿಸತಕ್ಕದ್ದು."

ನಮೂನೆಯಲ್ಲಿ ಎಲ್ಲ ಇಲಾಖೆಗೂ ಪ್ರಶ್ನೆಗಳಿದ್ದವು. ಚಾಲಕರ ಭಾಗದಲ್ಲಿ, ನಿಮ್ಮ ಮನೆಯಲ್ಲಿ ಸ್ಟೀರಿಂಗ್ ಇದೆಯೇ, ಬ್ರೇಕ್ ಇದೆಯೇ, ಹಾರ್ನ್ ಇದೆಯೇ ಎಂದು ಕೇಳಿದ್ದರು. ಇನ್ನೊಂದು ಗೇಟಿನ ಇಬ್ಬರು ಚಾಲಕರು, ಅವರೂ ವ್ಯಾನಿನಲ್ಲಿ ಇರುವವರೇ, ಆ ಕಾಗದದ ಮೇಲೆ ಟೀ ಲೋಟ ಇಟ್ಟುಕೊಂಡರು. ನಾನು ಮಾತ್ರ ಕೂತು ತುಂಬಿದೆ. ಇದೆ, ಇದೆ, ಇದೆ. ಷರಾ ಎಂಬ ಖಾಲಿ ಜಾಗ ನೋಡಿ ಸುಮ್ಮನಿರಲಾರದೆ, "ವೈಪರ್ ಕೂಡ ಹೊಸದು" ಎಂದು ಬರೆದೆ.

ಮಾರನೆಯ ದಿನ ಶಫೀ ಕರೆದರು. "ಹೇಮಚಂದ್ರ ಅವ್ರ, ಫಾರ್ಮ್ ಭಾಳ ಛಲೋ ತುಂಬೀರಿ. ಇಷ್ಟ್ ಛಲೋ ತುಂಬಬಾರ್ದಿತ್ರಿ. ನಾಳೆಯಿಂದ ನಿಮಗ ವರ್ಕ್ ಫ್ರಮ್ ಹೋಮ್."

"ನಾನು ಬಸ್ ಡ್ರೈವರ್ ಅಲ್ವಾ ಸಾರ್?"

"ಹೌದ್ರಿ. ಮನಿಯಿಂದ್ಲೇ ಓಡಸ್ರಿ. ಮನಿಯನ್ನ ಓಡಸ್ರಿ. ಫಿಯೋನಾ ಮೇಡಂ ಎಲ್ಲಾ ಚೆಕ್ ಮಾಡ್ಯಾರ. ಇನ್ಶೂರೆನ್ಸ್ ಗ್ರಾಂಡ್, ರೂಟ್ ಗ್ರಾಂಡ್." ಈ ಊರಲ್ಲಿ ಗ್ರಾಂಡ್ ಅಂದರೆ ಎಲ್ಲ ಸರಿಯಿದೆ ಎಂದಷ್ಟೇ ಅರ್ಥ.

ಹೀಗೆ ನಾನು ನನ್ನ ಮನೆಯ ಮುಂಗಾಜಿಗೆ 'ಶಟಲ್' ಎಂಬ ಬೋರ್ಡು ಹಾಕಿಕೊಂಡು ಹೊರಟೆ. ಮೊದಲ ಸ್ಟಾಪಿನಲ್ಲೇ ಮಿಸ್ ಫಿಯೋನಾ ಕೈ ಅಡ್ಡ ಹಿಡಿದರು. ಖಾಸಗಿ ಮನೆಯೊಳಗೆ ಹೊರಗಿನವರನ್ನು ಸೇರಿಸುವಂತಿಲ್ಲ ಎಂಬ ನಿರ್ಬಂಧ ಆಗ ಜಾರಿಯಲ್ಲಿತ್ತು. ಪ್ರಯಾಣಿಕರೆಂದರೆ ಹೊರಗಿನವರೇ. ಹನ್ನೊಂದು ಗಂಟೆಯೊಳಗೆ ಸ್ಟಾಪಿನಲ್ಲಿ ಪ್ರಕಟಣೆ ಅಂಟಿಸಲಾಯಿತು: "ಮಾನ್ಯ ಪ್ರಯಾಣಿಕರು ಶಟಲ್ಲಿನ ಹಿಂದೆ ಎರಡು ಮೀಟರ್ ಅಂತರದಲ್ಲಿ ನಡೆದುಕೊಂಡು ಪ್ರಯಾಣಿಸತಕ್ಕದ್ದು. ಶಟಲ್ಲಿಗಿಂತ ಮುಂದೆ ನಡೆಯುವುದನ್ನು ನಿಷೇಧಿಸಲಾಗಿದೆ."

ಜನ ಗಲಾಟೆ ಮಾಡುತ್ತಾರೆ ಅಂದುಕೊಂಡೆ. ಯಾರೂ ಮಾಡಲಿಲ್ಲ. ಶಿಸ್ತಾಗಿ ಸಾಲು ನಿಂತು, ನಾನು ಬರುವವರೆಗೆ ಕಾದು, ನಾನು ಹೊರಟ ಮೇಲೆ ಹಿಂದೆ ನಡೆದರು. ನಾನು ನಡಿಗೆಯ ವೇಗದಲ್ಲಿ ಓಡಿಸುತ್ತಿದ್ದೆ. ಪ್ಯಾಡ್ರಿಗ್ ಎಂಬ ಎಂಬತ್ತರ ಮುದುಕರು ಕೋಲೂರಿಕೊಂಡು ನನ್ನ ಕಿಟಕಿಯ ಹತ್ತಿರ ಬಂದು, "ಎಷ್ಟೋ ವರ್ಷದ ಮೇಲೆ ಟೈಮಿಗೆ ಸರಿಯಾಗಿ ಬಂದ ಬಸ್ಸು ನೋಡಿದೆ ಮಗಾ, ಗ್ರಾಂಡ್" ಎಂದು ಹೇಳಿ ಮತ್ತೆ ಹಿಂದಕ್ಕೆ ಹೋದರು. ಒಬ್ಬ ಯುವಕ ಮಾತ್ರ ಅವಸರ ಮಾಡಿ ನನಗಿಂತ ಮೊದಲು ಕೇಂದ್ರ ತಲುಪಿದ. ನಿಮ್ಮ ಬಸ್ಸು ಇನ್ನೂ ಬಂದಿಲ್ಲ ಎಂದು ಅವನನ್ನು ವಾಪಸ್ ಕಳಿಸಿದರು.

ತೊಂದರೆಯಾದದ್ದು ನೀರಜಾಗೆ ಒಬ್ಬಳಿಗೇ. ಡ್ಯೂಟಿ ಮುಗಿಸಿ ಎಂಟೂಕಾಲಿಗೆ ಪಿಚ್‌ಗೆ ಬರುತ್ತಿದ್ದಳು. ಎಂಟೂವರೆಗೆ ಮನೆ ಹೊರಡುತ್ತಿತ್ತು. ವಾರ್ಡಿನಲ್ಲಿ ತಡವಾದ ದಿನ ಮನೆ ತಪ್ಪಿಹೋಗುತ್ತಿತ್ತು. ಆಗ ಸ್ಟಾಪಿನಲ್ಲಿ ಪ್ರಯಾಣಿಕರ ಜೊತೆ ನಿಂತು ಕಾಯಬೇಕು. ಕುಟುಂಬದವಳಾದ್ದರಿಂದ ಹತ್ತಲು ಅರ್ಹತೆಯಿದ್ದವಳು ಅವಳೊಬ್ಬಳೇ, ಆದರೆ ಚಲಿಸುವ ವಾಹನದಲ್ಲಿ ಮಲಗುವಂತಿಲ್ಲ. ಹಾಗಾಗಿ ಸಂಜೆ ಆರರವರೆಗೆ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು, ಕತ್ತು ಈ ಕಡೆ ಆ ಕಡೆ ವಾಲಿಸುತ್ತಾ ಕೂತಿರುತ್ತಿದ್ದಳು. ಹಿಂದೆ ಹಾಸಿಗೆ ಖಾಲಿ ಇರುತ್ತಿತ್ತು. ದಿನಕ್ಕೆ ಇಪ್ಪತ್ತೆರಡು ಟ್ರಿಪ್ಪು.

ಒಂಬತ್ತನೇ ದಿನ ಅವಳು ಸ್ಟೀರಿಂಗಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡಳು. "ರೀ, ನಂಗೆ ಮನೇನೂ ಬೇಡ, ಗಾಡೀನೂ ಬೇಡ. ಅಲುಗಾಡದೇ ಇರೋ ಆರಡಿ ಜಾಗ ಕೊಡಿ ಸಾಕು. ನಿನ್ನೆ ಕೈ ತೊಳೀತಾ ತೊಳೀತಾ ಸಿಂಕ್ ಹತ್ರ ನಿಂತಲ್ಲೇ ನಿದ್ದೆ ಹೋದೆ. ಇನ್ನೊಂದು ಸಲ ಹೀಗಾದ್ರೆ ವಾರ್ಡಿಂದ ತೆಗೀತೀನಿ ಅಂದಿದ್ದಾರೆ ಇನ್‌ಚಾರ್ಜ್."

ನನಗೆ ನಾಚಿಕೆಯಾಯಿತು. ಅವಳು ಮಲಗಲಿ ಎಂದು ಹಿಡಿದ ಕೆಲಸ ಇದು. ಬಿಟ್ಟರೆ ಪಿಚ್ ಹೋಗುತ್ತದೆ, ಬಿಡದಿದ್ದರೆ ನಿದ್ದೆ ಹೋಗುತ್ತದೆ. ವೈಪರ್ ಹೊಸದು ಎಂದು ಬರೆದ ಕೈಯನ್ನು ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಆದರೆ ಅದು ಸ್ಟೀರಿಂಗ್ ಮೇಲಿತ್ತು, ಟ್ರಿಪ್ಪು ನಡೆಯುತ್ತಿತ್ತು.

ಸಂಜೆ ಶಫೀ ಹತ್ತಿರ ಹೋಗಿ, ನನ್ನನ್ನು ಮತ್ತೆ ಬಸ್ಸಿಗೆ ಹಾಕಿ, ಮನೆಯನ್ನು ಪಿಚ್‌ನಲ್ಲೇ ನಿಲ್ಲಲು ಬಿಡಿ ಎಂದು ಬೇಡಿಕೊಂಡೆ.

"ಪಿಚ್ ಎಲ್ಲೈತ್ರಿ ಈಗ?" ಎಂದರು ಶಫೀ ಬೇಜಾರಿನಿಂದ. "ಹಗಲೆಲ್ಲಾ ಖಾಲಿ ಬಿದ್ದಿರ್ತೈತಿ ಅಂತ ಬ್ಯಾರೆಯವ್ರಿಗೆ ಕೊಟ್ಟಾರ. ಇವತ್ತ ಆರ್ಡರ್ ಬಂತು."

"ಯಾರಿಗೆ ಕೊಟ್ರು?"

"ಬಸ್ಸಿಗೆ. ಓಡಲಾರದ್ದಕ್ಕ ಅದರ ಬ್ಯಾಟರಿ ಇಳಿಯಾಕ್ಹತ್ತೈತ್ರಿ. ಕರೆಂಟ್ ಬೇಕು, ಒಂದ್ ಕಡೆ ನಿಂತಿರ್ಬೇಕು. ನೀವು ಸಂಜೀ ಮ್ಯಾಲೆ ಅದರ ಬಾಜೂಕ ನಿಲ್ಲಸ್ಕೋರಿ, ಯಾರೂ ಏನೂ ಅನ್ನಂಗಿಲ್ಲ."

ನೀರಜಾಳನ್ನು ಕರೆದುಕೊಂಡು ಹೋಗಿ ನೋಡಿದೆ. ನಮ್ಮ ಪಿಚ್‌ನಲ್ಲಿ, ನಮ್ಮ ಪ್ಲಗ್ಗಿಗೆ ವೈರು ಸಿಕ್ಕಿಸಿಕೊಂಡು ಬಸ್ಸು ನಿಂತಿತ್ತು. ಹೀಟರ್ ಹಾಕಿದ್ದರು. ನಾನು ನಮಗಾದ ಅನ್ಯಾಯವನ್ನು ವಿವರಿಸುತ್ತಾ ಒಂದು ದೂರು ಬರೆಯತೊಡಗಿದೆ. ನೀರಜಾ ಕಿಟಕಿಗೆ ಮುಖ ಹಚ್ಚಿ, ಹಿಂದಿನ ಸಾಲಿನ ಸೀಟುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಾನೇ ಅರ್ಜಿ ಬರೆದಳು. ವಿಷಯ: ನಿಂತ ಬಸ್ಸಿನಲ್ಲಿ ನಿದ್ರಿಸುವ ಬಗ್ಗೆ. ಎರಡೇ ಸಾಲು ಬರೆದು, ಷರಾ ಎಂಬ ಕಡೆ ಏನೂ ಬರೆಯದೆ ಬಿಟ್ಟಳು.

ಮೂರು ದಿನದಲ್ಲಿ ಮಂಜೂರಾಯಿತು. ಬಸ್ಸು ಖಾಸಗಿ ಮನೆಯಲ್ಲವಾದ್ದರಿಂದ ಪ್ರವೇಶಕ್ಕೆ ಅಡ್ಡಿಯಿಲ್ಲ. ಚಲಿಸದಿರುವುದರಿಂದ ಬೆಲ್ಟು ಬೇಕಿಲ್ಲ. ಅರ್ಜಿದಾರರು ಒಟ್ಟು ಆಸನಗಳ ಕಾಲು ಭಾಗವನ್ನು ಮೀರದಂತೆ ಮಲಗತಕ್ಕದ್ದು, ಮಾಸ್ಕ್ ಧರಿಸತಕ್ಕದ್ದು. ಹಿಂದಿನ ಸಾಲಿನಲ್ಲಿ ಸರಿಯಾಗಿ ನಾಲ್ಕು ಸೀಟು. ಮಿಸ್ ಫಿಯೋನಾ ಸ್ವತಃ ಬಂದು ಟೇಪು ಹಿಡಿದು ಅಳೆದು, ಅವಳ ಎತ್ತರಕ್ಕೆ ತೊಂದರೆಯಿಲ್ಲ ಎಂದು ಸಹಿ ಹಾಕಿಕೊಟ್ಟರು. ಇಷ್ಟು ಅಚ್ಚುಕಟ್ಟಾದ ಅರ್ಜಿ ನೋಡಿರಲಿಲ್ಲ ಎಂದೂ ಹೇಳಿದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮೊದಲ ದಿನ ನೀರಜಾ ಡ್ಯೂಟಿಯ ಬಟ್ಟೆಯನ್ನೂ ಬದಲಾಯಿಸದೆ ಬಸ್ಸು ಹತ್ತಿ ಹಿಂದಿನ ಸೀಟಿನ ಮೇಲೆ ಅಡ್ಡಾದಳು. ನಾನು ರಗ್ಗು ಹೊದಿಸಿದೆ. ಕಣ್ಣು ಆಗಲೇ ಮುಚ್ಚಿದ್ದವು.

"ಇದು ಅಲುಗಾಡಲ್ಲ ಅಲ್ವಾ ರೀ?" ಎಂದಳು ಮಾಸ್ಕಿನೊಳಗಿಂದ.

"ಇಲ್ಲ ಕಣೇ" ಎಂದೆ. "ಇದು ಬಸ್ಸು."

ಅವಳು ಮಲಗಿದ್ದನ್ನು ಖಾತ್ರಿ ಮಾಡಿಕೊಂಡು, ಬಾಗಿಲು ಮೆಲ್ಲಗೆ ಎಳೆದು ಹೊರಗೆ ಬಂದೆ. ಎಂಟೂವರೆಯಾಗಿತ್ತು. ಸ್ಟಾಪಿನಲ್ಲಿ ಒಂಬತ್ತು ಜನ ಸಾಲಾಗಿ ನಿಂತಿದ್ದರು. ನಾನು ಖಾಲಿ ಮನೆಯನ್ನು ಸ್ಟಾರ್ಟ್ ಮಾಡಿ, ಸಮಯಕ್ಕೆ ಸರಿಯಾಗಿ ಹೊರಟೆ. ಅವರು ಹಿಂದೆ ನಡೆದು ಬಂದರು.