ಅವಧಿ ಮುಗಿದ ಅತಿಥಿಯಿಂದ ಮುಂಬಾಗಿಲಿನ ಸ್ಮಾರ್ಟ್ ಬೀಗಕ್ಕೆ

ನಮ್ಮ ಮನೆಯ ಮುಂಬಾಗಿಲಿನಲ್ಲಿ ಕಣ್ಣು, ಕಿವಿ, ದನಿಗಳ ಸಮೇತ ವಿರಾಜಮಾನರಾಗಿರುವ ಸ್ಮಾರ್ಟ್ ಬೀಗದವರ ಸನ್ನಿಧಿಗೆ, ಅದೇ ಬಾಗಿಲಿನ ಎದುರಿನ ಮೆಟ್ಟಿಲ ಮೇಲೆ ಕುಳಿತವಳ ಬಹಿರಂಗ ಪತ್ರ.

ಮಾನ್ಯರೇ,

ತಮ್ಮ ಬ್ಯಾಟರಿ ತುಂಬಿದೆ, ಲೆನ್ಸಿನ ಮೇಲೆ ಧೂಳಿಲ್ಲ, ಹೊಸ ಅಪ್‌ಡೇಟ್ ಸರಿಯಾಗಿ ಅರಗಿದೆ ಎಂದು ನಂಬಿದ್ದೇನೆ. ನಾನೂ ಕ್ಷೇಮ, ಹೊರಗಡೆ. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲಿ ಬೆಳೆದ ನನಗೆ ಕನ್ನಡದಲ್ಲಿ ಪತ್ರ ಬರೆದು ಅಭ್ಯಾಸವಿರುವುದು ವಾರ್ಡನ್ ಮೇಡಂ ಹತ್ತಿರ ಗೇಟ್ ಪಾಸ್ ಕೇಳುವಾಗ ಮಾತ್ರ; ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೆದರುವುದು ನನ್ನ ರೂಢಿಯಾದ್ದರಿಂದ ಇದರಲ್ಲಿ ‘ದಯವಿಟ್ಟು’ಗಳು ಹೆಚ್ಚಾಗಿದ್ದರೆ ದಯವಿಟ್ಟು ಕ್ಷಮಿಸಬೇಕು.

ಮೊದಲಿಗೆ ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳಲೇಬೇಕು. ತಾವು ಬಂದ ದಿನ, ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಬೇರೆಯವರ ಕಣ್ಣು ಪರೀಕ್ಷಿಸಿ ಬರುವ ನನ್ನ ಅಪ್ಪ, ಮನೆಯವರನ್ನೆಲ್ಲ ಸಾಲಾಗಿ ತಮ್ಮ ಮುಂದೆ ನಿಲ್ಲಿಸಿ ಮುಖಗಳನ್ನು ದಾಖಲಿಸಿದರು. ನಾನು ಆಗ ರಜೆಗೆ ಬಂದಿದ್ದೆ. ಇವರು ಕುಟುಂಬದವರೋ ಅತಿಥಿಯೋ ಎಂದು ತಾವು ವಿಚಾರಿಸಿದಾಗ ಅಪ್ಪ, ‘ರಜೆ ಮುಗಿದ್ರೆ ಇವಳು ಹೋಗ್ತಾಳಲ್ಲ’ ಎನ್ನುತ್ತ, ಬಹಳ ಪ್ರೀತಿಯಿಂದಲೇ, ‘ಅತಿಥಿ, ರಜೆ ಮುಗಿಯುವವರೆಗೆ’ ಎಂದು ಒತ್ತಿದರು. ಅದು ಯಾರಿಗೂ ತಪ್ಪೆನಿಸಲಿಲ್ಲ, ನನಗೂ. ಆಮೇಲೆ ರಜೆ ಮುಗಿಯಿತು, ನಾನು ಹೋಗಲಿಲ್ಲ. ಮನೆಗೆ ಹತ್ತಿರದ ಕಾಲೇಜಿನಲ್ಲೇ ಫಸ್ಟ್ ಇಯರ್‌ಗೆ ಸೀಟು ಸಿಕ್ಕಿತು. ಈ ಶುಭ ಸಮಾಚಾರವನ್ನು ತಮಗೆ ಯಾರೂ ತಿಳಿಸಲಿಲ್ಲ.

ಅಂದಿನಿಂದ ನಾನು ಮಧ್ಯಾಹ್ನ ಕಾಲೇಜು ಮುಗಿಸಿ ಬಂದಾಗಲೆಲ್ಲ ತಾವು ಇಡೀ ಮಹಡಿಗೆ ಕೇಳುವಂತೆ ‘ಅತಿಥಿಯ ಅವಧಿ ಮುಗಿದಿದೆ’ ಎಂದು ಸಾರುತ್ತೀರಿ. ಅಮ್ಮನ ಪಾಸ್‌ವರ್ಡ್ ಒತ್ತಿದರೆ, ಅವಧಿ ಮುಗಿದ ಅತಿಥಿ ಬೇರೆಯವರ ಪಾಸ್‌ವರ್ಡ್ ಬಳಸುತ್ತಿದ್ದಾರೆಂದು ಸೈರನ್ ಊದುತ್ತೀರಿ. ಬೀಗದ ಕೈ ಹಾಕೋಣವೆಂದರೆ ತಮಗೆ ಅದರ ತೂತೇ ಇಲ್ಲ. ಕಳ್ಳರಿಗೆ ದಾರಿಯಾಗಬಾರದೆಂದು ಕಂಪನಿಯವರು ಹೆಮ್ಮೆಯಿಂದ ಕೈಬಿಟ್ಟಿದ್ದಾರೆ. ಒಳಗೆ ಅಜ್ಜಿ ಇದ್ದಾಳೆ, ಆದರೆ ಊಟವಾದ ಮೇಲೆ ಕಿವಿಯ ಮಿಷನ್ ತೆಗೆದಿಟ್ಟು ಮಲಗುವ ಅವಳಿಗೆ ತಮ್ಮ ಸೈರನ್ನೂ ಜೋಗುಳವೇ. ಪಕ್ಕದ ಮನೆಯ ಬೆಕ್ಕು ಬಂದು ಕಾಲೊರಸಿನ ಮೇಲೆ ಕೂತರೆ ಮಾತ್ರ ತಾವು ‘ಪರಿಚಿತರು’ ಎಂದು ಗುರುತಿಸಿ ಸ್ವಾಗತದ ರಾಗ ನುಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಹೊಟ್ಟೆಕಿಚ್ಚಿಲ್ಲ. ಬೆಕ್ಕು ಎಂದೂ ಹಾಸ್ಟೆಲಿಗೆ ಹೋದದ್ದಲ್ಲ.

ಸರಿಪಡಿಸುವುದು ಒಂದು ಬೆರಳಿನ ಕೆಲಸ ಎಂದು ಅಪ್ಪ ಫೋನ್ ತೆಗೆದರು. ಅಷ್ಟರಲ್ಲಿ ತಮ್ಮ ಕಂಪನಿಗೂ ಫೋನಿನ ಕಂಪನಿಗೂ ಜಗಳ ಹತ್ತಿಕೊಂಡಿತ್ತು. ಬೀಗದವರು ಜನರ ಮುಖಗಳನ್ನು ಭದ್ರವಾಗಿಡುವುದಿಲ್ಲ ಎಂದು ಫೋನಿನವರು, ಫೋನಿನವರು ನಮ್ಮ ಬೀಗದ ಗುಟ್ಟನ್ನೆಲ್ಲ ಕೇಳುತ್ತಾರೆ ಎಂದು ಬೀಗದವರು. ಕೊನೆಗೆ ಇಬ್ಬರೂ ಸೇರಿ ‘ಗ್ರಾಹಕರ ಸುರಕ್ಷತೆಗಾಗಿ’ ಬೀಗದ ಆ್ಯಪನ್ನು ಅಪ್ಪನ ಫೋನಿನಿಂದ ಕಿತ್ತುಹಾಕಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಆ ಕೂಸು ಈಗ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದೆ. ಸಹಾಯವಾಣಿಗೂ ಕರೆ ಮಾಡಿದೆ. ಬೆಣ್ಣೆಯಂಥ ದನಿಯವರೊಬ್ಬರು, ‘ಸಾರಿ ಮೇಡಂ, ಗೆಸ್ಟ್‌ಗಳ ಕಂಪ್ಲೇಂಟ್ ನಾವು ತಗೊಳ್ಳಲ್ಲ, ಮನೆಯವರ ಹತ್ರ ಮಾಡಿಸಿ’ ಎಂದರು. ಅಪ್ಪ ಕರೆ ಮಾಡಿದ್ದಕ್ಕೆ, ‘ಫೋನ್ ಬದಲಾಯಿಸಿಬಿಡಿ ಸರ್’ ಎಂದರು.

ಆದಕಾರಣ, ಎರಡೂ ಕಂಪನಿಗಳು ರಾಜಿಯಾಗುವವರೆಗೆ ನನ್ನ ರಜೆಯನ್ನು ಮುಂದುವರಿಸಿ ಅಟೆಂಡೆನ್ಸ್ ವಿಷಯದಲ್ಲಿ ಕಾಲೇಜಿಗೂ ಒಂದು ಮಾತು ಹೇಳಬೇಕೆಂದು, ಅದಾಗದಿದ್ದರೆ ನನ್ನನ್ನು ಆ ಬೆಕ್ಕಿನ ಕಡೆಯ ನೆಂಟಳೆಂದಾದರೂ ನಮೂದಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇಷ್ಟು ಬರೆದು ಬ್ಯಾಗಿನೊಳಗೆ ಇಡುವಾಗ ತಮಗೆ ಏನನ್ನಿಸಿತೋ, ಇನ್ನೊಮ್ಮೆ ಸೈರನ್ ಊದಿದಿರಿ. ಎದುರು ಮನೆಗೆ ಹೊಸದಾಗಿ ಬಂದ ಆಂಟಿ ಹೊರಗೆ ಬಂದು, ‘ಯಾರು ಬೇಕಿತ್ತಮ್ಮ?’ ಎಂದರು. ಇದು ನನ್ನ ಮನೆ ಎನ್ನಬೇಕಿತ್ತು. ಗೇಟಿನಲ್ಲಿ ಯಾರಾದರೂ ತಡೆದರೆ ತಲೆ ತಗ್ಗಿಸಿ ಕಾರಣ ಒಪ್ಪಿಸುವ ಹಾಸ್ಟೆಲ್ ನಾಲಿಗೆ ಮುಂದಾಗಿ, ‘ಇವರ ಮನೆಗೆ ಬಂದಿದ್ದೆ ಆಂಟಿ’ ಎಂದುಬಿಟ್ಟಿತು. ‘ಅಯ್ಯೋ, ಅವರು ಬರೋದು ಸಾಯಂಕಾಲ’ ಎಂದು ಅವರು ಒಂದು ಕುರ್ಚಿ ತಂದುಕೊಟ್ಟರು. ನಾನು ಥ್ಯಾಂಕ್ಸ್ ಹೇಳಿ ನಮ್ಮ ಮನೆಯ ಮುಂದೆ ಅವರ ಕುರ್ಚಿಯಲ್ಲಿ ಕೂತೆ.

ತಾವು ಇದನ್ನೂ ಬಿಡದೆ ರೆಕಾರ್ಡ್ ಮಾಡಿದಿರಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮುಗಿಸಿ ಬಂದ ಅಮ್ಮ, ಒಳಗೋಡೆಯಲ್ಲಿರುವ, ನೋಡಲಷ್ಟೇ ಬರುವ ತಮ್ಮ ಪರದೆಯಲ್ಲಿ ಆ ದಿನದ ಅಪರಿಚಿತರನ್ನು ನೋಡುವಾಗ ನನ್ನನ್ನು ಕಂಡಳು. ಮತ್ತೊಮ್ಮೆ ಹಾಕಿ ಕೇಳಿದಳು. ಅಪ್ಪನಿಗೆ, ‘ಏನ್ರೀ, ಮಗು ನಮ್ಮನೆ ಮುಂದೆ ಕೂತ್ಕೊಂಡು ಇವರ ಮನೆ ಅಂತಿದೆ, ಕೇಳಿಸ್ತಾ?’ ಎಂದಳು. ಅಪ್ಪ ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

ಮರುದಿನ ಬೆಳಿಗ್ಗೆ ಅಮ್ಮ ಮಂಚದ ಕೆಳಗಿಂದ ನನ್ನ ಹಾಸ್ಟೆಲ್ ಟ್ರಂಕನ್ನು ದರದರ ಎಳೆದಳು. ನಾನಿನ್ನೂ ಬಟ್ಟೆಗಳನ್ನು ಅದರಲ್ಲೇ ಮಡಚಿಡುತ್ತಿದ್ದೆ. ಅವನ್ನೆಲ್ಲ ತನ್ನ ಬೀರುವಿನೊಳಗೆ ತುರುಕಿ, ಮುಂಬಾಗಿಲನ್ನು ಹಾರುಹೊಡೆದು, ಅದು ಮುಚ್ಚದಂತೆ ಟ್ರಂಕನ್ನು ಅಡ್ಡ ಇಟ್ಟಳು. ಅಜ್ಜಿಯ ಮಧ್ಯಾಹ್ನದ ನಿದ್ದೆ ಈಗ ಆ ಟ್ರಂಕಿನ ಮೇಲೆ, ಗೋಡೆಗೆ ಒರಗಿಕೊಂಡು. ನಾನು ಬಂದರೆ ಒಂದೇ ಕಣ್ಣು ತೆರೆದು, ‘ಊಟ ಆಯ್ತಾ?’ ಎನ್ನುತ್ತಾಳೆ. ಅವಳ ಭದ್ರತಾ ತಪಾಸಣೆ ಅಷ್ಟೇ. ಇಲ್ಲ ಎಂದರೂ ಒಳಗೆ, ಆಯ್ತು ಎಂದರೂ ಒಳಗೆ. ಕಿವಿಯ ಮಿಷನ್ ಇಲ್ಲದ್ದರಿಂದ ಉತ್ತರ ಅವಳಿಗೆ ಕೇಳಿಸುವುದೂ ಇಲ್ಲ. ಇಂಥ ಹಳೆಯ ಮಾಡೆಲ್ ಜೊತೆ ತಮ್ಮನ್ನು ಹೋಲಿಸುವ ಉದ್ಧಟತನ ನನಗಿಲ್ಲ.

ಮೆಟ್ಟಿಲ ಮೇಲೆ ಶುರು ಮಾಡಿದ ಪತ್ರವನ್ನು ಒಳಗೆ ಕೂತು ಮುಗಿಸುತ್ತಿದ್ದೇನೆ, ಪರ್ಮಿಷನ್ ಕೇಳದೆ.

ತಮಗೆ ನನ್ನ ಮೇಲೆ ವಿಶ್ವಾಸ ಇಲ್ಲದಿದ್ದರೂ,
ತಮ್ಮ ವಿಶ್ವಾಸಿ,
ಈ ಮನೆಯ ಮಗಳು

ತಾ.ಕ.: ‘ಬಾಗಿಲು ತೆರೆದೇ ಇದೆ’ ಎಂದು ತಾವು ಬೆಳಗಿನಿಂದ ಕೂಗಿಕೊಳ್ಳುತ್ತಿರುವುದು ಕೇಳಿಸುತ್ತಿದೆ. ದೂರು ಕೊಡುವುದಿದ್ದರೆ ದಯವಿಟ್ಟು ಮನೆಯವರ ಹತ್ತಿರ ಮಾಡಿಸಿ. ವಾರಂಟಿ ಮುಗಿಯುವವರೆಗೆ ತಾವು ಇಲ್ಲಿ ಅತಿಥಿಗಳು.